ಬಿಸಿಲಿದ್ದಾಗ ಮಾತ್ರ ಓಡುವ ಲೋಡ್‌ಗಳು: ಹಗಲು ಬೇರೆ, ಮಿಗುವ ವಿದ್ಯುತ್ ಬೇರೆ

ಗ್ರಿಡ್ ಸಂಪರ್ಕವಿಲ್ಲದ ಸೋಲಾರ್ ವ್ಯವಸ್ಥೆಯಲ್ಲಿ ಮೊದಲು ಸವೆಯುವುದು ಬ್ಯಾಟರಿ. ಪ್ಯಾನೆಲ್ 20 ವರ್ಷ ದಾಟಿದರೂ ಕೆಲಸ ಮಾಡುತ್ತಲೇ ಇರುತ್ತದೆ. ಬ್ಯಾಟರಿಯ ಆಯುಸ್ಸು ಮಾತ್ರ ನಾವು ದಿನಾ ಅದನ್ನು ಎಷ್ಟು ಆಳಕ್ಕೆ ಇಳಿಸುತ್ತೇವೆ ಎನ್ನುವುದರ ಮೇಲೆ ನಿಂತಿದೆ. ಪಂಪು, ವಾಷಿಂಗ್ ಮಷಿನ್, ನೀರು ಕಾಯಿಸುವ ಹೀಟರ್, ಫ್ರೀಜರ್, ಡ್ರಿಲ್ಲಿನ ಬ್ಯಾಟರಿ ಚಾರ್ಜರ್ ಇವೆಲ್ಲ ಹೊತ್ತು ನೋಡಿಕೊಂಡು ಓಡಿಸಬಹುದಾದ ಲೋಡ್‌ಗಳು. ಇವನ್ನು ಬಿಸಿಲಿದ್ದಾಗಲೇ ಮುಗಿಸಿದರೆ ಬ್ಯಾಟರಿ ಉಳಿಯುತ್ತದೆ, ಜೊತೆಗೆ ವಿದ್ಯುತ್ತೂ ಉಳಿಯುತ್ತದೆ. ಲೆಡ್-ಆಸಿಡ್ ಬ್ಯಾಟರಿಗೆ ತುಂಬಿ ಮತ್ತೆ ತೆಗೆಯುವಷ್ಟರಲ್ಲಿ ಶೇ. 15ರಿಂದ 20 ಭಾಗ ಸೋರಿಹೋಗುತ್ತದೆ. ರಾತ್ರಿ 1000 ವ್ಯಾಟ್-ಅವರ್ ಬಳಸಬೇಕೆಂದರೆ ಹಗಲಲ್ಲಿ ಸುಮಾರು 1200 ತುಂಬಿಡಬೇಕು. ಅದೇ ಕೆಲಸವನ್ನು ಮಧ್ಯಾಹ್ನ ಮಾಡಿದರೆ ಪ್ಯಾನೆಲ್‌ನ ಕರೆಂಟು ಬ್ಯಾಟರಿಯೊಳಗೆ ಇಳಿಯದೆ ನೇರ ಲೋಡ್‌ಗೆ ಹೋಗುತ್ತದೆ.

ಇದನ್ನು ತಾನಾಗಿಯೇ ಆಗುವಂತೆ ಮಾಡಲು ಹೊರಟವರು ಮೊದಲು ಮೂರು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟುಕೊಳ್ಳಬೇಕು. ಹಗಲಾಗಿದೆಯೇ? ಪ್ಯಾನೆಲ್ ಮೇಲೆ ಸಾಕಷ್ಟು ಬಿಸಿಲು ಬಿದ್ದಿದೆಯೇ? ಬ್ಯಾಟರಿಗೆ ಸಲ್ಲಬೇಕಾದ್ದು ಸಂದು ಇನ್ನೂ ಮಿಗುತ್ತಿದೆಯೇ? ಟೈಮರ್ ಮೊದಲನೆಯದಕ್ಕೆ ಮಾತ್ರ ಉತ್ತರ ಕೊಡುತ್ತದೆ. ಬೆಳಕಿನ ಸೆನ್ಸರ್ ಸರಿಯಾದ ಜಾತಿಯದಾದರೆ ಎರಡನೆಯದಕ್ಕೆ ಉತ್ತರ ಕೊಡುತ್ತದೆ. ಮೂರನೆಯದಕ್ಕೆ ಉತ್ತರ ಬ್ಯಾಟರಿಯ ಹತ್ತಿರ ಮಾತ್ರ ಇದೆ, ನಮಗೆ ನಿಜವಾಗಿ ಬೇಕಾದದ್ದೂ ಅದೇ. ಕೆಟ್ಟುಹೋಗುವ ಏರ್ಪಾಡುಗಳಲ್ಲಿ ಹೆಚ್ಚಿನವು ಮೊದಲ ಪ್ರಶ್ನೆಯ ಉತ್ತರವನ್ನೇ ಮೂರನೆಯದರ ಉತ್ತರ ಎಂದು ನಂಬಿಕೊಂಡವು.

ಟೈಮರ್ ಮತ್ತು ಬೀದಿದೀಪದ ಸೆನ್ಸರ್

ಟೈಮರ್ ಅಗ್ಗ, ಸರಳ. ಬ್ಯಾಟರಿ ದೊಡ್ಡದಿದ್ದು ಲೋಡ್ ಚಿಕ್ಕದಿದ್ದರೆ ಅದೊಂದೇ ಸಾಕು. 60 ವ್ಯಾಟ್‌ನ ಲ್ಯಾಪ್‌ಟಾಪ್ ಚಾರ್ಜರನ್ನು ಹತ್ತರಿಂದ ಮೂರರವರೆಗೆ ಆನ್ ಇಡಲು ಬೇರೇನೂ ಬೇಡ. ಆದರೆ ಎರಡು ವಿಷಯ ಗಮನಿಸಿ. ಹಲ್ಲುಚಕ್ರ ತಿರುಗುವ ಮೆಕ್ಯಾನಿಕಲ್ ಟೈಮರ್ ಇನ್ವರ್ಟರ್ ಆಫ್ ಆದಾಗ ತಾನೂ ನಿಂತುಬಿಡುತ್ತದೆ. ರಾತ್ರಿ ಇನ್ವರ್ಟರ್ ಎಂಟು ಗಂಟೆ ಆಫ್ ಆದರೆ ಮಾರನೆಯ ದಿನ ಟೈಮರ್ ಎಂಟು ಗಂಟೆ ಹಿಂದೆ ಇರುತ್ತದೆ, ಬೆಳಗ್ಗೆ ಹನ್ನೊಂದಕ್ಕೆ ಓಡಬೇಕಾದ ಪಂಪು ಸಂಜೆ ಏಳಕ್ಕೆ ಓಡುತ್ತದೆ. ಬ್ಯಾಟರಿಯಿಂದ ನೇರ ನಡೆಯುವ 12 ಅಥವಾ 24 ವೋಲ್ಟ್‌ನ ಡಿಜಿಟಲ್ ಟೈಮರ್ ತೆಗೆದುಕೊಳ್ಳಿ. ಇನ್ನೊಂದು, ಇನ್ವರ್ಟರ್ ಶುದ್ಧ ಸೈನ್ ವೇವ್ ಕೊಡದೆ ಚೌಕ ಅಲೆ ಕೊಡುವಂಥದ್ದಾದರೆ ಅಗ್ಗದ ಎಲೆಕ್ಟ್ರಾನಿಕ್ ಟೈಮರ್‌ಗಳು ಸುಟ್ಟುಹೋಗುವುದುಂಟು. ಅವುಗಳೊಳಗೆ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಒಂದು ಕೆಪಾಸಿಟರ್ ಮೂಲಕ ವೋಲ್ಟೇಜ್ ಇಳಿಸಿರುತ್ತಾರೆ. ಚೌಕ ಅಲೆಯ ಚೂಪಾದ ಏರಿಳಿತಕ್ಕೆ ಆ ಕೆಪಾಸಿಟರ್ ಲೆಕ್ಕಕ್ಕಿಂತ ಹೆಚ್ಚು ಕರೆಂಟು ಹರಿಸಿಬಿಡುತ್ತದೆ.

ಬೀದಿದೀಪಕ್ಕೆ ಹಾಕುವ ಬೆಳಕಿನ ಸ್ವಿಚ್ಚನ್ನು ತಿರುಗಿಸಿ ಬಳಸುವ ಯೋಚನೆ ಅನೇಕರಿಗೆ ಬರುತ್ತದೆ. ಕತ್ತಲಾದಾಗ ಆನ್ ಆಗುವುದನ್ನು ಒಂದು ರಿಲೇಯ (ಕಾಯಿಲಿಗೆ ಕರೆಂಟು ಬಂದಾಗ ಎಳೆಯುವ ಸ್ವಿಚ್) ಎನ್‌ಸಿ ಕಾಂಟ್ಯಾಕ್ಟ್ (ಕಾಯಿಲಿಗೆ ಕರೆಂಟು ಇಲ್ಲದಾಗ ಕೂಡಿರುವ ಕಾಂಟ್ಯಾಕ್ಟ್) ಮೂಲಕ ಉಲ್ಟಾ ಮಾಡಿದರೆ ಹಗಲಲ್ಲಿ ಆನ್ ಆಗುತ್ತದೆ, ನಿಜ. ಆದರೆ ಆ ಸ್ವಿಚ್ ಬದಲಾಗುವುದು ಕೆಲವೇ ಹತ್ತು ಲಕ್ಸ್ ಬೆಳಕಿಗೆ. ನಡುಮಧ್ಯಾಹ್ನದ ಬಿಸಿಲು ಸುಮಾರು 1,00,000 ಲಕ್ಸ್. ಅಂದರೆ ಪ್ಯಾನೆಲ್ ಇನ್ನೂ ಏನೂ ಕೊಡದ ನಸುಕಿನಲ್ಲೇ ಲೋಡ್ ಆನ್ ಆಗಿ, ರಾತ್ರಿಯಿಡೀ ದಣಿದ ಬ್ಯಾಟರಿಯನ್ನು ಅತ್ಯಂತ ಕೆಟ್ಟ ಹೊತ್ತಿನಲ್ಲಿ ಹಿಂಡುತ್ತದೆ. ಈ ಕೆಲಸಕ್ಕೆ ಇದನ್ನು ಬಿಟ್ಟುಬಿಡುವುದೇ ಒಳ್ಳೆಯದು.

ಪ್ಯಾನೆಲ್ ವೋಲ್ಟೇಜ್ ಏಕೆ ಮೋಸ ಮಾಡುತ್ತದೆ

ಪ್ಯಾನೆಲ್‌ಗೆ ನೇರ ರಿಲೇ ಕಾಯಿಲ್ ಕಟ್ಟಿದರೆ ಬಿಸಿಲು ಬಂದಾಗ ಎಳೆಯುತ್ತದೆ, ಹೋದಾಗ ಬಿಡುತ್ತದೆ ಎಂಬ ಲೆಕ್ಕ ಕೇಳಲು ಚೆನ್ನಾಗಿದೆ. ಆದರೆ ಪ್ಯಾನೆಲ್‌ನ ವೋಲ್ಟೇಜ್ ಬಿಸಿಲಿಗೆ ತಕ್ಕಂತೆ ಏರುವುದಿಲ್ಲ, ಏರುವುದು ಕರೆಂಟು. ಪೂರ್ಣ ಬಿಸಿಲಿನ ಹತ್ತನೇ ಒಂದು ಭಾಗ ಬೆಳಕಿದ್ದರೂ ಏನೂ ಕಟ್ಟದ ಖಾಲಿ ಪ್ಯಾನೆಲ್‌ನ ವೋಲ್ಟೇಜ್ ಪೂರ್ಣ ಬಿಸಿಲಿನದರ ಶೇ. 85ರ ಆಸುಪಾಸಿಗೆ ಹೋಗಿ ನಿಂತಿರುತ್ತದೆ. ಅದಕ್ಕೆ ಮೇಲಾಗಿ ರಿಲೇಯ ಗುಣ ಬೇರೆ. 12 ವೋಲ್ಟ್ ಕಾಯಿಲ್ ಸುಮಾರು 9 ವೋಲ್ಟ್‌ಗೆ ಎಳೆಯುತ್ತದೆ, ಒಮ್ಮೆ ಎಳೆದ ಮೇಲೆ ಬಿಡಲು ವೋಲ್ಟೇಜ್ 1–2 ವೋಲ್ಟ್‌ವರೆಗೂ ಇಳಿಯಬೇಕಾಗಬಹುದು. ಹೀಗಾಗಿ ಬೆಳಗ್ಗೆ ಬೇಗ ಆನ್, ಸಂಜೆ ಕತ್ತಲಾದ ಮೇಲೆ ಆಫ್. ಜೊತೆಗೆ 12 ವೋಲ್ಟ್ ಪ್ಯಾನೆಲ್ ಎಂದು ಕರೆಯುವುದರ ಖಾಲಿ ವೋಲ್ಟೇಜ್ 21–22. 400 ಓಮ್‌ನ ಕಾಯಿಲ್ 12 ವೋಲ್ಟ್‌ಗೆ 0.36 ವ್ಯಾಟ್ ತಿನ್ನಬೇಕಾದ ಜಾಗದಲ್ಲಿ 1.1 ವ್ಯಾಟ್ ತಿಂದು ಬಿಸಿಯಾಗಿರುತ್ತದೆ. ಎಂಪಿಪಿಟಿ ಕಂಟ್ರೋಲರಿಗೆ (ಪ್ಯಾನೆಲ್‌ನಿಂದ ಆದಷ್ಟು ಶಕ್ತಿ ಹಿಂಡಿ ಬ್ಯಾಟರಿ ತುಂಬುವ ಸಾಧನ) ಸರಣಿಯಲ್ಲಿ ಕಟ್ಟಿದ ಪ್ಯಾನೆಲ್‌ಗಳಾದರೆ ಅಲ್ಲಿ 100 ವೋಲ್ಟ್‌ಗೂ ಮೇಲಿರಬಹುದು, ಕೈಹಾಕುವ ಮಾತೇ ಬೇಡ.

ಹಾಗಾದರೆ ಪ್ಯಾನೆಲ್‌ನಿಂದ ಎಷ್ಟು ವ್ಯಾಟ್ ಬರುತ್ತಿದೆ ಎಂದು ಕಂಟ್ರೋಲರಿನಿಂದಲೇ ಓದಿ ನಿರ್ಧರಿಸಬಹುದಲ್ಲ? ಇಲ್ಲೇ ದೊಡ್ಡ ಹಳ್ಳವಿದೆ. ಬ್ಯಾಟರಿ ತುಂಬಿದ ಮೇಲೆ ಕಂಟ್ರೋಲರ್ ಪ್ಯಾನೆಲ್ಲನ್ನು ತಡೆಹಿಡಿಯುತ್ತದೆ. 1000 ವ್ಯಾಟ್‌ನ ಪ್ಯಾನೆಲ್‌ಗಳಿಂದ ಮಧ್ಯಾಹ್ನ ಒಂದು ಗಂಟೆಗೆ 80 ವ್ಯಾಟ್ ಮಾತ್ರ ಬರುತ್ತಿದೆ ಎಂದು ಪರದೆಯಲ್ಲಿ ಕಾಣುತ್ತದೆ, ಬಿಸಿಲಿಗೆ ಕೊರತೆ ಇರುವುದಿಲ್ಲ, ಕೇಳುವವರಿಲ್ಲ ಅಷ್ಟೇ. "500 ವ್ಯಾಟ್ ದಾಟಿದರೆ ಪಂಪ್ ಆನ್" ಎಂದು ಬರೆದ ಪ್ರೋಗ್ರಾಂ, ವಿದ್ಯುತ್ ಎಲ್ಲಕ್ಕಿಂತ ಹೆಚ್ಚು ಮಿಗುವ ಹೊತ್ತಿನಲ್ಲೇ ಪಂಪನ್ನು ಸುಮ್ಮನೆ ಕೂರಿಸುತ್ತದೆ.

ಬಿಸಿಲು ಎಷ್ಟಿದೆ ಎಂದು ನಿಜಕ್ಕೂ ತಿಳಿಯಬೇಕಾದರೆ ಅಳತೆಗೆಂದೇ ಒಂದು ಸಣ್ಣ ಪ್ಯಾನೆಲ್ ಇಡುವುದು ಉತ್ತಮ ದಾರಿ. 5 ವ್ಯಾಟ್‌ನದು ಸಾಕು. ಅದರ ಶಾರ್ಟ್ ಸರ್ಕ್ಯೂಟ್ ಕರೆಂಟು ಸುಮಾರು 0.3 ಆಂಪಿಯರ್. ಎರಡು ತುದಿಗಳ ನಡುವೆ 6.8 ಓಮ್, 3 ವ್ಯಾಟ್‌ನ ರೆಸಿಸ್ಟರ್ ಹಾಕಿದರೆ ಪೂರ್ಣ ಬಿಸಿಲಿಗೆ 2 ವೋಲ್ಟ್, ಅರ್ಧ ಬಿಸಿಲಿಗೆ 1 ವೋಲ್ಟ್ ಸಿಗುತ್ತದೆ. ಪ್ಯಾನೆಲ್ಲನ್ನು ಹೀಗೆ ಹೆಚ್ಚುಕಡಿಮೆ ಶಾರ್ಟ್ ಮಾಡಿಟ್ಟಾಗ ಸಿಗುವ ವೋಲ್ಟೇಜ್ ಬಿಸಿಲಿಗೆ ನೇರ ಅನುಪಾತದಲ್ಲಿರುತ್ತದೆ, ಆದ್ದರಿಂದ ಇದು ನಂಬಬಹುದಾದ ಅಳತೆ. 10 ಓಮ್ ಹಾಕಬೇಡಿ. ಮೋಡದ ಅಂಚಿನಿಂದ ಬಿಸಿಲು ಚಿಮ್ಮಿದಾಗ ಕೆಲವು ಕ್ಷಣ ಶೇ. 20–25 ಹೆಚ್ಚು ಬೆಳಕು ಬೀಳುತ್ತದೆ, ಆಗ 3.3 ವೋಲ್ಟ್ ಮೀರಿ ಅದನ್ನು ಓದುವ ಮೈಕ್ರೋಕಂಟ್ರೋಲರಿನ (ಪ್ರೋಗ್ರಾಂ ಓಡಿಸುವ ಸಣ್ಣ ಚಿಪ್) ಪಿನ್ನಿಗೆ ಪೆಟ್ಟು. ಪಿನ್ನಿನ ಮುಂದೆ 10 ಕಿಲೋಓಮ್ ಮತ್ತು ಒಂದು 3.3 ವೋಲ್ಟ್ ಝೀನರ್ (ವೋಲ್ಟೇಜ್ ಅದಕ್ಕಿಂತ ಏರದಂತೆ ತಡೆಯುವ ಡಯೋಡ್) ಇರಲಿ, ಏಕೆಂದರೆ ಮುಂದೊಂದು ದಿನ ಆ 6.8 ಓಮ್ ರೆಸಿಸ್ಟರಿನ ಬೆಸುಗೆ ಬಿಟ್ಟರೆ ಪ್ಯಾನೆಲ್‌ನ 21 ವೋಲ್ಟೂ ಅಲ್ಲಿಗೇ ಬರುತ್ತದೆ. ಸಣ್ಣ ಪ್ಯಾನೆಲ್‌ನ ಇಳಿಜಾರು ಮತ್ತು ದಿಕ್ಕು ದೊಡ್ಡವುಗಳದ್ದೇ ಇರಬೇಕು. ಮರದ ನೆರಳು ಬರುವುದಾದರೆ ಎರಡರ ಮೇಲೂ ಒಟ್ಟಿಗೇ ಬರುವ ಜಾಗ ಹುಡುಕಿ.

ಬ್ಯಾಟರಿ ವೋಲ್ಟೇಜ್ ಮೇಲೆ ನಡೆಸುವುದು

ಒಂದೇ ಒಂದು ವಿಧಾನ ಆರಿಸಬೇಕೆಂದರೆ ನಾನು ಆರಿಸುವುದು ಇದನ್ನೇ. ಲೆಡ್-ಆಸಿಡ್ ಬ್ಯಾಟರಿ ತುಂಬಿ ವಿಶ್ರಾಂತಿಯಲ್ಲಿದ್ದಾಗ 12.7 ವೋಲ್ಟ್, ಅರ್ಧಕ್ಕೆ ಇಳಿದಾಗ 12.2 ಆಸುಪಾಸು. ಅದರ ಟರ್ಮಿನಲ್‌ಗಳಲ್ಲಿ 13.5 ಕಾಣುತ್ತಿದೆ ಎಂದರೆ ಯಾರೋ ಅದಕ್ಕೆ ಕರೆಂಟು ತಳ್ಳುತ್ತಿದ್ದಾರೆ ಎಂದೇ ಅರ್ಥ. ಆ ಸಂಖ್ಯೆಯೇ ಬಿಸಿಲು ಇದೆ, ಬ್ಯಾಟರಿ ತಕ್ಕಮಟ್ಟಿಗೆ ತುಂಬಿದೆ ಎಂಬ ಎರಡು ಸಂಗತಿಗಳನ್ನು ಒಟ್ಟಿಗೆ ಹೇಳುತ್ತದೆ. ರಾತ್ರಿ ಎಂದಿಗೂ ಆ ಮಟ್ಟಕ್ಕೆ ಹೋಗುವುದಿಲ್ಲ, ಆದ್ದರಿಂದ ಬೇರೆ ಬೆಳಕಿನ ಸೆನ್ಸರೂ ಬೇಡ.

ಶುರು ಮಾಡಲು ಈ ಅಂಕಿಗಳನ್ನು ಇಟ್ಟುಕೊಳ್ಳಿ. 12 ವೋಲ್ಟ್ ವ್ಯವಸ್ಥೆಗೆ 13.5ಕ್ಕೆ ಆನ್, 12.9ಕ್ಕೆ ಆಫ್. 24ಕ್ಕೆ 27.0 ಮತ್ತು 25.8. 48ಕ್ಕೆ 54.0 ಮತ್ತು 51.6. ಆನ್ ಆಗುವ ಮುನ್ನ ವೋಲ್ಟೇಜ್ ಆ ಮಟ್ಟದ ಮೇಲೆ 10 ನಿಮಿಷ ನಿಂತಿರಬೇಕು. ಆಫ್ ಆಗುವ ಮುನ್ನ ಕೆಳಮಟ್ಟದ ಕೆಳಗೆ 3 ನಿಮಿಷ ಇರಬೇಕು. ಆಫ್ ಆದ ಮೇಲೆ 15 ನಿಮಿಷ ಮತ್ತೆ ಆನ್ ಆಗಬಾರದು.

ಈ ಅಂತರ ಮತ್ತು ಕಾಯುವ ಹೊತ್ತು ಅಲಂಕಾರಕ್ಕಲ್ಲ. ಲೋಡ್ ಆನ್ ಆದ ಕೂಡಲೇ ಬ್ಯಾಟರಿ ವೋಲ್ಟೇಜ್ ಕುಸಿಯುತ್ತದೆ, ಆಫ್ ಆದ ಕೂಡಲೇ ಏರುತ್ತದೆ. ಎರಡು ಮಟ್ಟಗಳ ನಡುವಿನ ಅಂತರ ಈ ಕುಸಿತಕ್ಕಿಂತ ಚಿಕ್ಕದಾದರೆ ರಿಲೇ ಟಕ್ ಟಕ್ ಎಂದು ಬಡಿದುಕೊಳ್ಳುತ್ತಲೇ ಇದ್ದು ಕೆಲವೇ ದಿನಗಳಲ್ಲಿ ಕಾಂಟ್ಯಾಕ್ಟ್ ಸುಟ್ಟುಕೊಳ್ಳುತ್ತದೆ. ಮೋಡ ಬಂದರೆ ತಕ್ಷಣ ಆಫ್ ಮಾಡಬೇಕು ಎಂಬ ಆತುರವೂ ಬೇಡ. 1.1 ಕಿಲೋವ್ಯಾಟ್ ಎಳೆಯುವ ಪಂಪು 3 ನಿಮಿಷ ಪೂರ್ತಿ ಬ್ಯಾಟರಿಯ ಮೇಲೆ ಓಡಿದರೂ ಹೋಗುವುದು 55 ವ್ಯಾಟ್-ಅವರ್, 24 ವೋಲ್ಟ್‌ನಲ್ಲಿ 2.3 ಆಂಪಿಯರ್-ಅವರ್. ಪಂಪನ್ನು ಸುಮ್ಮನೆ ನಿಲ್ಲಿಸಿ ಮತ್ತೆ ಎಬ್ಬಿಸುವುದಕ್ಕಿಂತ ಇದು ಎಷ್ಟೋ ಅಗ್ಗ. ಹಾಗೆಂದು ಬ್ಯಾಟರಿ ತೀರಾ ಕುಸಿದಾಗ ಕಾಯುವುದೂ ಸರಿಯಲ್ಲ. 24 ವೋಲ್ಟ್ ವ್ಯವಸ್ಥೆಯಲ್ಲಿ 24.5ಕ್ಕಿಂತ ಕೆಳಗೆ 10 ಸೆಕೆಂಡು ಇದ್ದರೆ ಯಾವ ಮುಲಾಜೂ ಇಲ್ಲದೆ ಆಫ್ ಆಗಬೇಕು.

ಬೇಸಿಗೆಯಲ್ಲಿ ಒಂದು ದೂರು ತಪ್ಪದೆ ಬರುತ್ತದೆ: ಬಿಸಿಲು ಸುಡುತ್ತಿದೆ, ಬ್ಯಾಟರಿ ತುಂಬಿದೆ, ಆದರೂ ಲೋಡ್ ಆನ್ ಆಗುತ್ತಿಲ್ಲ. ಕಾರಣ ಉಷ್ಣತೆಯ ತಿದ್ದುಪಡಿ. ಒಳ್ಳೆಯ ಕಂಟ್ರೋಲರ್ ಬ್ಯಾಟರಿ ಕಾದಂತೆ ತನ್ನ ಚಾರ್ಜಿಂಗ್ ವೋಲ್ಟೇಜ್ ಇಳಿಸುತ್ತದೆ, ಒಂದು ಸೆಲ್ಲಿಗೆ ಪ್ರತಿ ಡಿಗ್ರಿಗೆ 3ರಿಂದ 5 ಮಿಲಿವೋಲ್ಟ್. ಆರು ಸೆಲ್ಲಿನ ಬ್ಯಾಟರಿ 40 ಡಿಗ್ರಿಗೆ ಕಾದಿದ್ದರೆ 25 ಡಿಗ್ರಿಯ ಲೆಕ್ಕಕ್ಕಿಂತ 0.3ರಿಂದ 0.45 ವೋಲ್ಟ್ ಕಡಿಮೆ. 13.6 ಇದ್ದ ಫ್ಲೋಟ್ (ತುಂಬಿದ ಬ್ಯಾಟರಿಯನ್ನು ತುಂಬಿದಂತೆಯೇ ಇಡುವ ವೋಲ್ಟೇಜ್) 13.2ಕ್ಕೆ ಇಳಿದಿರುತ್ತದೆ. ನಿಮ್ಮ ರಿಲೇ ಮಾತ್ರ 13.5ಕ್ಕೇ ಕಾಯುತ್ತ ಕುಳಿತಿರುತ್ತದೆ. ಆನ್ ಮಟ್ಟವನ್ನು ಆ ಋತುವಿನ ನಿಜವಾದ ಫ್ಲೋಟ್ ವೋಲ್ಟೇಜ್‌ಗಿಂತ 0.1–0.2 ಕೆಳಗೆ ಇಡಿ. ವರ್ಷಕ್ಕೆ ಎರಡು ಸಲ ಇದನ್ನು ನೋಡಿ ಬದಲಾಯಿಸುವುದು ದೊಡ್ಡ ಕೆಲಸವೇನಲ್ಲ.

ವೋಲ್ಟೇಜ್ ಜೊತೆಗೆ ಒಂದು ಗಡಿಯಾರವನ್ನೂ ಸೇರಿಸಿ, ಆದರೆ ಆನ್ ಮಾಡಲು ಅಲ್ಲ, ತಡೆಯಲು. ಮಧ್ಯಾಹ್ನ ಮೂರೂವರೆಯ ಮೇಲೆ ಎಷ್ಟೇ ಮಿಗುತ್ತಿದ್ದರೂ ದೊಡ್ಡ ಲೋಡ್ ಬೇಡ. ಲೆಡ್-ಆಸಿಡ್ ಬ್ಯಾಟರಿಯ ಕೊನೆಯ ಶೇ. 15–20 ತುಂಬಲು ಗಂಟೆಗಟ್ಟಲೆ ಬೇಕು, ಅದನ್ನು ಅವಸರ ಮಾಡಲಾಗದು. ದಿನಾ ಆ ಕೊನೆಯ ಭಾಗ ಬಾಕಿ ಉಳಿದರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತ ಬರುತ್ತದೆ. ಬ್ಯಾಟರಿ ಉಳಿಸಲೆಂದು ಮಾಡಿದ ಏರ್ಪಾಡೇ ಅದನ್ನು ಮೆಲ್ಲಗೆ ಕೊಲ್ಲುವುದು ಹೀಗೆ. ತಿಂಗಳಿಗೊಮ್ಮೆ ಈಕ್ವಲೈಸ್ ಮಾಡುವ (ಹೆಚ್ಚು ವೋಲ್ಟೇಜ್ ಕೊಟ್ಟು ಎಲ್ಲ ಸೆಲ್ಲುಗಳನ್ನೂ ಸಮನಾಗಿ ತುಂಬಿಸುವ) ದಿನ ಹಗಲಿನ ಲೋಡ್‌ಗಳನ್ನೆಲ್ಲ ಕೈಯಿಂದ ಆಫ್ ಮಾಡಿಡಿ, ಅದಕ್ಕೊಂದು ಸ್ವಿಚ್ ಮೊದಲೇ ಇರಲಿ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಮೇಲಿನ ಅಂಕಿಗಳು ಹೊಂದುವುದಿಲ್ಲ. ಅದರ ವೋಲ್ಟೇಜ್ ಶೇ. 30ರಲ್ಲೂ 80ರಲ್ಲೂ ಸೆಲ್ಲಿಗೆ 3.2–3.3 ಎಂದೇ ತೋರಿಸುತ್ತದೆ, ನಾಲ್ಕು ಸೆಲ್ಲಿನದಾದರೆ 13.0–13.3. ತುಂಬುವ ಕೊನೆಯಲ್ಲಿ ಮಾತ್ರ ಥಟ್ಟನೆ 13.8 ದಾಟಿ ಏರುತ್ತದೆ. ಹಾಗಾಗಿ ಆನ್ ಮಾಡಲು ವೋಲ್ಟೇಜ್ ನೋಡಬಹುದು, ಆಫ್ ಮಾಡಲು ನೋಡಿದರೆ ಕುರುಡಾಟ. ಶಂಟ್ (ಹರಿಯುವ ಕರೆಂಟು ಅಳೆಯಲು ದಾರಿಯಲ್ಲಿಡುವ ತೀರಾ ಸಣ್ಣ ರೆಸಿಸ್ಟರ್) ಇಟ್ಟು ಆಂಪಿಯರ್-ಅವರ್ ಎಣಿಸುವ ಮೀಟರ್ ಬೇಕು: ಶೇ. 90ಕ್ಕೆ ಆನ್, 75ಕ್ಕೆ ಆಫ್. ಆ ಎಣಿಕೆ ದಿನದಿನಕ್ಕೆ ಸ್ವಲ್ಪ ಸ್ವಲ್ಪ ಜಾರುತ್ತದೆ, ಬ್ಯಾಟರಿ ಪೂರ್ತಿ ತುಂಬಿದಾಗ ಮಾತ್ರ ತನ್ನನ್ನು ತಾನು ಸರಿಪಡಿಸಿಕೊಳ್ಳುತ್ತದೆ. ಹೀಗಾಗಿ ವಾರಕ್ಕೊಮ್ಮೆಯಾದರೂ ಪೂರ್ತಿ ತುಂಬುವಷ್ಟು ಬಿಡುವು ಕೊಡಿ. ಲಿಥಿಯಂಗೆ ದಿನಾ ತುಂಬಲೇಬೇಕೆಂಬ ಹಟವಿಲ್ಲ, ಆ ಒಂದು ವಿಷಯದಲ್ಲಿ ಅದು ಹಗಲಿನ ಲೋಡ್‌ಗಳಿಗೆ ಬಹಳ ಅನುಕೂಲ.

ತಂತಿ, ಫ್ಯೂಸ್, ರಿಲೇ

ಬಹುಪಾಲು ತೊಂದರೆ ಹುಟ್ಟುವುದು ಇಲ್ಲಿ. ವೋಲ್ಟೇಜ್ ಅಳೆಯುವ ತಂತಿಯನ್ನು ಲೋಡ್ ತಂತಿಯಿಂದ ತೆಗೆಯಬೇಡಿ. ಬ್ಯಾಟರಿಯಿಂದ 5 ಮೀಟರ್ ದೂರದ ಲೋಡ್‌ಗೆ 4 ಚದರ ಮಿಲಿಮೀಟರ್ ತಾಮ್ರದ ತಂತಿ ಎಳೆದಿದ್ದೀರಿ ಎನ್ನಿ. ಹೋಗಿಬರುವ 10 ಮೀಟರಿನ ರೆಸಿಸ್ಟೆನ್ಸ್ 0.044 ಓಮ್. 20 ಆಂಪಿಯರ್ ಹರಿದರೆ ದಾರಿಯಲ್ಲೇ 0.9 ವೋಲ್ಟ್ ಕಳೆದುಹೋಗುತ್ತದೆ. ನಿಮ್ಮ ಆನ್-ಆಫ್ ಅಂತರ 0.6 ವೋಲ್ಟ್. ಬ್ಯಾಟರಿಯಲ್ಲಿ 13.5 ಇದ್ದರೂ ಲೋಡ್ ತುದಿಯಲ್ಲಿ 12.6 ಕಾಣುವುದರಿಂದ ಆನ್ ಆಗುತ್ತದೆ, ಆಫ್ ಆಗುತ್ತದೆ, ಮತ್ತೆ ಆನ್. ಅಳೆಯುವ ಜೋಡಿ ತಂತಿ ಬ್ಯಾಟರಿ ಟರ್ಮಿನಲ್‌ನಿಂದಲೇ ಪ್ರತ್ಯೇಕವಾಗಿ ಬರಲಿ, ಬ್ಯಾಟರಿ ತುದಿಯಲ್ಲೇ 1 ಆಂಪಿಯರ್ ಫ್ಯೂಸ್ ಇರಲಿ.

ರಿಲೇ ಮೇಲೆ "10 ಆಂಪಿಯರ್ 250 ವೋಲ್ಟ್ ಎಸಿ" ಎಂದು ಬರೆದಿದ್ದರೆ ಅದು ಎಸಿಗೆ ಮಾತ್ರ. ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುತ್ತದೆ, ಕಾಂಟ್ಯಾಕ್ಟ್ ತೆರೆದಾಗ ಹುಟ್ಟಿದ ಕಿಡಿ ಅಲ್ಲೇ ಆರುತ್ತದೆ. ಡಿಸಿಯಲ್ಲಿ ಸೊನ್ನೆಯೇ ಇಲ್ಲ. ಅದೇ ರಿಲೇಯ ಡಿಸಿ ಮಿತಿ ಸಾಮಾನ್ಯವಾಗಿ 30 ವೋಲ್ಟ್‌ಗೆ ನಿಲ್ಲುತ್ತದೆ. 48 ವೋಲ್ಟ್ ಬ್ಯಾಟರಿಯ ಲೋಡನ್ನು ಅದರಲ್ಲಿ ಕಡಿದರೆ ಕಿಡಿ ಹಾಗೇ ಉರಿಯುತ್ತ ಕಾಂಟ್ಯಾಕ್ಟ್ ಬೆಸೆದುಹೋಗುತ್ತದೆ, ಲೋಡ್ ರಾತ್ರಿಯಿಡೀ ಆನ್. 24 ವೋಲ್ಟ್‌ವರೆಗೆ ವಾಹನಗಳಿಗೆ ಬಳಸುವ, ಆಯಾ ವೋಲ್ಟೇಜ್‌ನ ರಿಲೇ ಆಗಬಹುದು. 48ಕ್ಕೆ ಡಿಸಿಗೆಂದೇ ಮಾಡಿದ ಕಾಂಟ್ಯಾಕ್ಟರ್ (ದೊಡ್ಡ ಕರೆಂಟಿನ ರಿಲೇ) ಅಥವಾ ಮಾಸ್‌ಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್) ಸ್ವಿಚ್ ಬೇಕು. ಲೋಡ್ ಎಸಿಯದಾದರೆ ಇನ್ವರ್ಟರಿನ ಆಚೆ ಬದಿಯಲ್ಲಿ ಎಸಿ ಕಾಂಟ್ಯಾಕ್ಟರಿನಿಂದ ಕಡಿಯುವುದೇ ಸುಲಭ. ಸಾಲಿಡ್ ಸ್ಟೇಟ್ ರಿಲೇ (ಚಲಿಸುವ ಕಾಂಟ್ಯಾಕ್ಟ್ ಇಲ್ಲದ ಎಲೆಕ್ಟ್ರಾನಿಕ್ ರಿಲೇ) ಕೊಳ್ಳುವಾಗಲೂ ಎಸಿ ಯಾವುದು ಡಿಸಿ ಯಾವುದು ನೋಡಿ. ಎಸಿಯದನ್ನು ಡಿಸಿಗೆ ಹಾಕಿದರೆ ಒಮ್ಮೆ ಆನ್ ಆದದ್ದು ಕರೆಂಟು ನಿಲ್ಲುವವರೆಗೂ ಆಫ್ ಆಗುವುದೇ ಇಲ್ಲ. ಅದು ಪ್ರತಿ ಆಂಪಿಯರಿಗೆ 1ರಿಂದ 1.5 ವ್ಯಾಟ್ ಶಾಖ ಉಗುಳುತ್ತದೆ, 10 ಆಂಪಿಯರಿಗೆ ಹೀಟ್‌ಸಿಂಕ್ ಇಲ್ಲದೆ ಉಳಿಯದು.

ಮಾರುಕಟ್ಟೆಯ ಅಗ್ಗದ ವೋಲ್ಟೇಜ್ ನೋಡುವ ರಿಲೇ ಬೋರ್ಡುಗಳು 20–30 ಆಂಪಿಯರ್ ಎಂದು ಹೇಳಿಕೊಂಡರೂ ಅವುಗಳ ಪಿಸಿಬಿ ಮೇಲಿನ ತಾಮ್ರ ಅಷ್ಟು ತಾಳುವುದಿಲ್ಲ. ಅವುಗಳಿಂದ ದೊಡ್ಡ ಕಾಂಟ್ಯಾಕ್ಟರಿನ ಕಾಯಿಲನ್ನು ಮಾತ್ರ ಓಡಿಸಿ. ಡಿಸಿ ಕಾಯಿಲಿನ ಎರಡು ತುದಿಗೆ 1ಎನ್4007 ಡಯೋಡ್, ಪಟ್ಟಿ ಇರುವ ತುದಿ ಪಾಸಿಟಿವ್ ಕಡೆಗೆ. ಅದಿಲ್ಲದಿದ್ದರೆ ಕಾಯಿಲ್ ಬಿಡುವಾಗ ಏಳುವ ವೋಲ್ಟೇಜ್ ಚಿಕ್ಕ ರಿಲೇಯ ಕಾಂಟ್ಯಾಕ್ಟನ್ನೋ ಟ್ರಾನ್ಸಿಸ್ಟರನ್ನೋ ತಿಂದುಹಾಕುತ್ತದೆ.

ಚಾರ್ಜ್ ಕಂಟ್ರೋಲರಿನಲ್ಲೇ ಲೋಡ್ ಟರ್ಮಿನಲ್ ಇದೆಯಲ್ಲ ಎನ್ನುವವರು ಮೊದಲು ಅದರ ಸೆಟ್ಟಿಂಗ್ ನೋಡಬೇಕು. ಅನೇಕವುಗಳಲ್ಲಿ ಇರುವುದು ಸಂಜೆ ಆನ್ ಆಗುವ ದೀಪದ ಕ್ರಮ ಮತ್ತು ಸದಾ ಆನ್ ಇರುವ ಕ್ರಮ ಮಾತ್ರ, ಹಗಲಿನ ಕ್ರಮ ಇರುವುದಿಲ್ಲ. ಆಗ ದೀಪದ ಕ್ರಮದ ಔಟ್‌ಪುಟ್ಟಿಗೆ ಒಂದು ರಿಲೇ ಕಟ್ಟಿ ಎನ್‌ಸಿ ಕಾಂಟ್ಯಾಕ್ಟ್ ಬಳಸಿದರೆ ಹಗಲಿನದಾಗುತ್ತದೆ, ಆದರೆ ಕಂಟ್ರೋಲರ್ ಸತ್ತರೆ ಲೋಡ್ ಸದಾ ಆನ್ ಆಗಿ ಉಳಿಯುತ್ತದೆ ಎಂಬುದು ನೆನಪಿರಲಿ. ಇನ್ನೊಂದು ಗುಟ್ಟು: ಪಿಡಬ್ಲ್ಯುಎಂ ಕಂಟ್ರೋಲರ್‌ಗಳಲ್ಲಿ (ಪ್ಯಾನೆಲ್ಲನ್ನು ವೇಗವಾಗಿ ಆನ್-ಆಫ್ ಮಾಡಿ ಬ್ಯಾಟರಿ ತುಂಬುವ ಸರಳ ಬಗೆ) ಬಹಳಷ್ಟು ನೆಗೆಟಿವ್ ತಂತಿಯನ್ನು ಕಡಿಯುವಂಥವು, ಪಾಸಿಟಿವ್ ಎಲ್ಲಕ್ಕೂ ಒಂದೇ. ಲೋಡ್‌ನ ನೆಗೆಟಿವ್ ಎಲ್ಲಾದರೂ, ಲೋಹದ ಪೆಟ್ಟಿಗೆಯ ಮೂಲಕವಾದರೂ ಸರಿ, ಬ್ಯಾಟರಿ ನೆಗೆಟಿವ್ ಮುಟ್ಟಿತೋ ಕಂಟ್ರೋಲರ್ ಏನು ಹೇಳಿದರೂ ಲೋಡ್ ನಿಲ್ಲುವುದಿಲ್ಲ. ಮೋಟಾರು, ಇನ್ವರ್ಟರುಗಳನ್ನು ಈ ಟರ್ಮಿನಲ್‌ಗೆ ಕಟ್ಟಲೇಬಾರದು.

ದೊಡ್ಡ ಇನ್ವರ್ಟರನ್ನೇ ಹಗಲಿನ ಲೋಡ್ ಎಂದು ಪರಿಗಣಿಸುವುದು ನನಗೆ ತುಂಬ ಇಷ್ಟವಾದ ಉಪಾಯ. ಏನೂ ಕೆಲಸವಿಲ್ಲದಿದ್ದರೂ 40 ವ್ಯಾಟ್ ತಿನ್ನುವ ಇನ್ವರ್ಟರ್ 14 ಗಂಟೆಯಲ್ಲಿ 560 ವ್ಯಾಟ್-ಅವರ್ ನುಂಗುತ್ತದೆ, 24 ವೋಲ್ಟ್‌ನಲ್ಲಿ 23 ಆಂಪಿಯರ್-ಅವರ್. ರಾತ್ರಿಯ ದೀಪ, ಫ್ಯಾನು, ಚಾರ್ಜರಿಗೆ ಚಿಕ್ಕದೊಂದು ಇನ್ವರ್ಟರ್, ಪಂಪು ಹೀಟರಿಗೆ ದೊಡ್ಡದು, ದೊಡ್ಡದು ಹಗಲಲ್ಲಿ ಮಾತ್ರ ಎಚ್ಚರ. ಇದನ್ನು ಇನ್ವರ್ಟರಿನ ರಿಮೋಟ್ ಸ್ವಿಚ್ ಟರ್ಮಿನಲ್‌ಗೆ ರಿಲೇಯ ಕಾಂಟ್ಯಾಕ್ಟ್ ಕಟ್ಟಿ ಮಾಡಿ. ಬ್ಯಾಟರಿಯಿಂದ ಬರುವ ದಪ್ಪ ಕೇಬಲ್ಲನ್ನು ಕಡಿದು ಕೂಡಿಸಬೇಡಿ. ಇನ್ವರ್ಟರಿನೊಳಗಿನ ಖಾಲಿ ಕೆಪಾಸಿಟರುಗಳು ಪ್ರತಿ ಸಲ ಕೂಡಿದಾಗಲೂ ಒಮ್ಮೆಲೇ ನೂರಾರು ಆಂಪಿಯರ್ ಎಳೆಯುತ್ತವೆ, ಯಾವ ಕಾಂಟ್ಯಾಕ್ಟರೂ ಹೆಚ್ಚು ದಿನ ಬಾಳುವುದಿಲ್ಲ. ಎರಡು ಇನ್ವರ್ಟರುಗಳ ಎಸಿ ಔಟ್‌ಪುಟ್ಟುಗಳನ್ನು ಎಲ್ಲಿಯೂ ಒಂದಕ್ಕೊಂದು ಸೇರಿಸಬಾರದು, ನ್ಯೂಟ್ರಲ್ ಕೂಡ.

ಯಾವ ಲೋಡ್ ಹೇಗೆ

ಪಂಪು ಹಗಲಿಗೆ ಹೇಳಿಮಾಡಿಸಿದ ಲೋಡ್, ಏಕೆಂದರೆ ಟ್ಯಾಂಕೇ ಅದರ ಬ್ಯಾಟರಿ. ಒಂದು ಹಾರ್ಸ್‌ಪವರ್ ಸಿಂಗಲ್ ಫೇಸ್ ಮೋಟಾರು ಓಡುವಾಗ ಸುಮಾರು 1.1 ಕಿಲೋವ್ಯಾಟ್ ಎಳೆದರೂ ಏಳುವಾಗ ಐದಾರು ಪಟ್ಟು ಕರೆಂಟು ಕೇಳುತ್ತದೆ. ಆ ಕ್ಷಣವನ್ನು ಇನ್ವರ್ಟರ್ ಮತ್ತು ಬ್ಯಾಟರಿ ತಾಳಬೇಕು, ಪ್ಯಾನೆಲ್ ಸಹಾಯಕ್ಕೆ ಬರುವುದಿಲ್ಲ. ಟ್ಯಾಂಕಿನ ಫ್ಲೋಟ್ ಸ್ವಿಚ್, ನೀರಿಲ್ಲದಾಗ ಪಂಪು ಓಡದಂತೆ ತಡೆಯುವ ಸೆನ್ಸರ್, ಹಗಲಿನ ರಿಲೇ, ಈ ಮೂರನ್ನೂ ಕಾಂಟ್ಯಾಕ್ಟರಿನ ಕಾಯಿಲ್ ದಾರಿಯಲ್ಲಿ ಸರಣಿಯಾಗಿ ಕಟ್ಟಿ. ಮೋಟಾರಿನ ಕರೆಂಟು ಫ್ಲೋಟ್ ಸ್ವಿಚ್ಚಿನೊಳಗೆ ಹರಿಯಬಾರದು. ಒಮ್ಮೆ ಎದ್ದರೆ ಕನಿಷ್ಠ 10 ನಿಮಿಷ ಓಡಲಿ. ಪಂಪ್ ಬಿಟ್ಟು ಬೇರೆ ದೊಡ್ಡ ಲೋಡ್ ಇಲ್ಲದವರು, ಬ್ಯಾಟರಿಯನ್ನೇ ಬಳಸದೆ ಪ್ಯಾನೆಲ್‌ನಿಂದ ನೇರ ಓಡುವ ಸೋಲಾರ್ ಪಂಪ್ ಡ್ರೈವ್ ಯೋಚಿಸುವುದು ಜಾಣತನ. ಬಿಸಿಲು ಕಡಿಮೆಯಾದರೆ ಅದು ನಿಲ್ಲುವುದಿಲ್ಲ, ವೇಗ ಇಳಿಸುತ್ತದೆ.

ಫ್ರಿಜ್ಜನ್ನು ರಾತ್ರಿ ಪೂರ್ತಿ ಕಡಿಯುವುದು ಅಪಾಯ. ಬಾಗಿಲು ತೆಗೆಯದ ಫ್ರಿಜ್ಜಿನಲ್ಲಿ ಆಹಾರ ಸುಮಾರು 4 ಗಂಟೆ ಸುರಕ್ಷಿತ. ತುಂಬಿದ ಫ್ರೀಜರ್ ಮಾತ್ರ ಬಾಗಿಲು ತೆಗೆಯದಿದ್ದರೆ 48 ಗಂಟೆಯವರೆಗೆ, ಅರ್ಧ ತುಂಬಿದ್ದು 24 ಗಂಟೆ ತಣ್ಣಗಿರುತ್ತದೆ. ಆದ್ದರಿಂದ ಕಡಿಯುವ ಬದಲು ಎರಡು ಥರ್ಮೋಸ್ಟಾಟ್ ಇಡಿ. ಮೇಲಿನಿಂದ ಬಾಗಿಲು ತೆರೆಯುವ ಫ್ರೀಜರಿಗೆ ಒಂದನ್ನು ಮೈನಸ್ 18ಕ್ಕೆ ಇಟ್ಟು ಸದಾ ಜೀವಂತ ಬಿಡಿ. ಇನ್ನೊಂದನ್ನು ಮೈನಸ್ 24ಕ್ಕೆ ಇಟ್ಟು ಹಗಲಿನ ರಿಲೇಯ ಜೊತೆ ಸರಣಿಯಲ್ಲಿ ಕಟ್ಟಿ. ಎರಡೂ ಒಂದಕ್ಕೊಂದು ಸಮಾಂತರವಾಗಿ ಕಂಪ್ರೆಸರ್ ನಡೆಸಲಿ. ಹಗಲು ಮಿಗುವ ವಿದ್ಯುತ್ತೆಲ್ಲ ಆಳವಾದ ತಂಪಾಗಿ ಕೂಡಿಕೊಳ್ಳುತ್ತದೆ, ರಾತ್ರಿ ಕಂಪ್ರೆಸರ್ ಬಹುತೇಕ ಮಲಗಿರುತ್ತದೆ, ಮೋಡದ ದಿನವೂ ಮೈನಸ್ 18ರ ಕಾವಲು ತಪ್ಪುವುದಿಲ್ಲ. ಖಾಲಿ ಜಾಗದಲ್ಲಿ ನೀರಿನ ಬಾಟಲಿಗಳನ್ನು, ಹಿಗ್ಗಲು ಸ್ವಲ್ಪ ಜಾಗ ಬಿಟ್ಟು, ತುಂಬಿಡಿ. ಕಂಪ್ರೆಸರ್ ನಿಂತ ಮೇಲೆ ಮತ್ತೆ ಏಳಲು 5 ನಿಮಿಷದ ಬಿಡುವು ಬೇಕೇ ಬೇಕು. ಒಳಗಿನ ಒತ್ತಡ ಸಮವಾಗುವ ಮುನ್ನ ಎಬ್ಬಿಸಿದರೆ ಅದು ತಿರುಗಲಾಗದೆ ಬರೀ ಕರೆಂಟು ಎಳೆದು ಬಿಸಿಯಾಗುತ್ತದೆ. ಈ ವಿಳಂಬ ಇರುವ ಥರ್ಮೋಸ್ಟಾಟನ್ನೇ ಕೊಳ್ಳಿ.

ಹೀಟರ್ ಸರದಿಯಲ್ಲಿ ಕೊನೆಯದು. ಉಳಿದವರೆಲ್ಲ ಉಂಡ ಮೇಲೆ ಮಿಕ್ಕಿದ್ದು ಅದಕ್ಕೆ. ಆನ್ ಮಟ್ಟವನ್ನು ಇತರ ಲೋಡ್‌ಗಳಿಗಿಂತ ಮೇಲೆ, 24 ವೋಲ್ಟ್‌ನಲ್ಲಿ 27.6ರ ಹತ್ತಿರ, 20 ನಿಮಿಷದ ಕಾಯುವಿಕೆಯೊಂದಿಗೆ ಇಡಿ. ಆಫ್ ಆಗುವುದು ಎಲ್ಲರಿಗಿಂತ ಮೊದಲು. 2000 ವ್ಯಾಟ್ 230 ವೋಲ್ಟ್‌ನ ಕಾಯಿಲ್ ಇದ್ದು ಅಷ್ಟು ಮಿಗದಿದ್ದರೆ, ಒಂದೇ ರೀತಿಯ ಎರಡು ಕಾಯಿಲ್‌ಗಳನ್ನು ಸರಣಿಯಲ್ಲಿ ಕಟ್ಟಿ. ಒಂದೊಂದಕ್ಕೂ ಅರ್ಧ ವೋಲ್ಟೇಜ್, ಕಾಲು ಭಾಗ ಶಕ್ತಿ, ಎರಡೂ ಸೇರಿ 1000 ವ್ಯಾಟ್. ಡಿಸಿಯಲ್ಲಿ ನೇರ ಕಾಯಿಸುವುದಾದರೆ ಎಸಿ ಗೀಸರಿನ ಥರ್ಮೋಸ್ಟಾಟ್ ಮೇಲೆ ಆ ಕರೆಂಟು ಹರಿಸಬೇಡಿ. ಕಾಂಟ್ಯಾಕ್ಟ್ ಬೆಸೆದು ನೀರು ಕುದಿಯುತ್ತಲೇ ಇದ್ದರೆ ಟ್ಯಾಂಕ್ ಸಿಡಿಯಬಹುದು. ಥರ್ಮೋಸ್ಟಾಟ್ ಕಾಂಟ್ಯಾಕ್ಟರ್ ಕಾಯಿಲನ್ನು ಮಾತ್ರ ನಡೆಸಲಿ, ಒತ್ತಡ ಬಿಡುವ ವಾಲ್ವ್ ಇದ್ದೇ ಇರಲಿ.

ಮೈಕ್ರೋಕಂಟ್ರೋಲರ್ ಬಳಸುವವರಿಗೆ

ಇಎಸ್‌ಪಿ32 ಎಂಬ ಮೈಕ್ರೋಕಂಟ್ರೋಲರ್ ಬೋರ್ಡ್ ಒಂದರಲ್ಲಿ ಇದೆಲ್ಲವನ್ನೂ ಕೂಡಿಸಬಹುದು. 24 ವೋಲ್ಟ್ ಬ್ಯಾಟರಿ ಅಳೆಯಲು 100 ಕಿಲೋಓಮ್ ಮತ್ತು 8.2 ಕಿಲೋಓಮ್, ಶೇ. 1ರ ರೆಸಿಸ್ಟರುಗಳು. 32 ವೋಲ್ಟ್‌ಗೆ ಪಿನ್ನಿನಲ್ಲಿ 2.4 ಬರುತ್ತದೆ. ಬೋರ್ಡಿಗೆ ಕರೆಂಟು ಕೊಡುವ ಬಕ್ ಕನ್ವರ್ಟರ್ (ಡಿಸಿ ವೋಲ್ಟೇಜ್ ಇಳಿಸುವ ಸಾಧನ) ನೋಡಿ ಕೊಳ್ಳಿ: ಸಾಮಾನ್ಯ ಎಲ್‌ಎಮ್2596 ತಾಳುವುದು 40 ವೋಲ್ಟ್, 48 ವೋಲ್ಟ್ ವ್ಯವಸ್ಥೆಯಲ್ಲಿ ಕೂಡಿಸಿದ ಕ್ಷಣವೇ ಹೋಗುತ್ತದೆ. ಇಪಿಎವರ್ ಟ್ರೇಸರ್ ಬಗೆಯ ಕಂಟ್ರೋಲರ್ ಇದ್ದರೆ ಆರ್‌ಎಸ್485 ತಂತಿಯ ಮೂಲಕ 115200 ವೇಗದಲ್ಲಿ ಮೋಡ್‌ಬಸ್ (ಸಾಧನಗಳು ಅಂಕಿಗಳನ್ನು ಕೇಳಿ ಪಡೆಯುವ ಕ್ರಮ) ಓದಬಹುದು. ಹೆಕ್ಸ್ ವಿಳಾಸ 3104ರಲ್ಲಿ ಬ್ಯಾಟರಿ ವೋಲ್ಟೇಜ್, 3100ರಲ್ಲಿ ಪ್ಯಾನೆಲ್ ವೋಲ್ಟೇಜ್, ಎರಡನ್ನೂ 100ರಿಂದ ಭಾಗಿಸಬೇಕು.

ತರ್ಕ ಹೀಗಿರಲಿ. ಹತ್ತು ಸೆಕೆಂಡಿಗೊಮ್ಮೆ ಓದು, ಒಂದು ನಿಮಿಷದ ಸರಾಸರಿ. ಬೆಳಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನ ಮೂರೂವರೆಯೊಳಗೆ, ವೋಲ್ಟೇಜ್ ಮೇಲ್ಮಟ್ಟದಲ್ಲಿ, ಅಳತೆ ಪ್ಯಾನೆಲ್‌ನಲ್ಲಿ ಅರ್ಧ ಬಿಸಿಲಿಗಿಂತ ಹೆಚ್ಚು, ಹಿಂದಿನ ಆಫ್ ಆಗಿ 15 ನಿಮಿಷ: ನಾಲ್ಕೂ ಕೂಡಿದರೆ ಆನ್. ಆಫ್‌ಗೆ ಯಾವುದಾದರೂ ಒಂದು ತಪ್ಪಿದರೆ ಸಾಕು, ಮೇಲೆ ಹೇಳಿದ ವಿಳಂಬದೊಂದಿಗೆ. ವೋಲ್ಟೇಜ್ ಮಾತ್ರ ಆಫ್‌ಗೆ ಕೆಳಮಟ್ಟವನ್ನು, ಬಿಸಿಲು ಕಾಲು ಭಾಗವನ್ನು ನೋಡಬೇಕು. ಬ್ಯಾಟರಿ ಶಂಟ್ ಇದ್ದರೆ ಇನ್ನೂ ಒಳ್ಳೆಯದು: ಲೋಡ್ ಆನ್ ಮಾಡಿ ನೋಡು, ಬ್ಯಾಟರಿಯಿಂದ ಹೊರಗೆ ಹರಿಯುವ ಕರೆಂಟು 3 ನಿಮಿಷ ನಿಲ್ಲದಿದ್ದರೆ ಆಫ್, ಕಾಲು ಗಂಟೆ ಬಿಟ್ಟು ಮತ್ತೆ ಪ್ರಯತ್ನ. ತಡೆಹಿಡಿದ ಪ್ಯಾನೆಲ್‌ನ ಒಗಟನ್ನು ಇದು ಯಾವ ಊಹೆಯೂ ಇಲ್ಲದೆ ಬಿಡಿಸುತ್ತದೆ.

ಕೆಟ್ಟಾಗ ಏನಾಗಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿ. ಮೋಡ್‌ಬಸ್ ಒಂದು ನಿಮಿಷ ಉತ್ತರ ಕೊಡದಿದ್ದರೆ ಆಫ್. ಹಳೆಯ ಅಂಕಿಯನ್ನೇ ನಂಬಿ ಕೂತ ಪ್ರೋಗ್ರಾಂಗೆ ಮಧ್ಯರಾತ್ರಿಯೂ 28 ವೋಲ್ಟ್ ಕಾಣುತ್ತಿರುತ್ತದೆ. ಲೋಡ್ ಎನ್‌ಓ ಕಾಂಟ್ಯಾಕ್ಟಿನಲ್ಲೇ (ಕಾಯಿಲಿಗೆ ಕರೆಂಟು ಇಲ್ಲದಾಗ ತೆರೆದಿರುವುದು) ಇರಲಿ, ವಾಚ್‌ಡಾಗ್ (ಪ್ರೋಗ್ರಾಂ ಸಿಕ್ಕಿಕೊಂಡರೆ ಚಿಪ್ಪನ್ನು ಮರುಶುರು ಮಾಡುವ ಕಾವಲು) ಆನ್ ಇರಲಿ. ನೀಲಿ ಬಣ್ಣದ ಸಾಮಾನ್ಯ ರಿಲೇ ಬೋರ್ಡುಗಳು ಪಿನ್ ಸೊನ್ನೆಗೆ ಇಳಿದಾಗ ಆನ್ ಆಗುವಂಥವು, ಇಎಸ್‌ಪಿ32 ಮರುಶುರುವಾಗುವಾಗ ಒಮ್ಮೆ ಎಳೆದುಬಿಡುತ್ತವೆ. ಆ ಪಿನ್ನಿನಿಂದ 3.3 ವೋಲ್ಟ್‌ಗೆ 10 ಕಿಲೋಓಮ್ ಕಟ್ಟಿ, ಬೂಟ್ ಆಗುವಾಗ ಬಳಕೆಯಾಗುವ ಪಿನ್‌ಗಳನ್ನು ರಿಲೇಗೆ ಕೊಡಬೇಡಿ. ಸಮಯಕ್ಕೆ ಇಂಟರ್ನೆಟ್ ನಂಬುವ ಬದಲು ಡಿಎಸ್3231 ಗಡಿಯಾರ ಇಡಿ, ವರ್ಷಕ್ಕೆ ಒಂದು ನಿಮಿಷದಷ್ಟೇ ತಪ್ಪುತ್ತದೆ.

ಕಟ್ಟಿ ಮುಗಿದ ಮೇಲೆ ಮೊದಲ ವಾರ ಎಂಟು, ಹತ್ತು, ಹನ್ನೆರಡು, ಎರಡು, ನಾಲ್ಕು ಗಂಟೆಗೆ ಬ್ಯಾಟರಿ ವೋಲ್ಟೇಜ್, ಡಿಸಿ ಕ್ಲ್ಯಾಂಪ್ ಮೀಟರಿನಲ್ಲಿ ಬ್ಯಾಟರಿ ಕರೆಂಟು ಮತ್ತು ಲೋಡ್ ಆನ್ ಇದೆಯೋ ಇಲ್ಲವೋ ಬರೆದಿಡಿ. ಲೋಡ್ ಒಂದು ಗಂಟೆ ಓಡಿದ ಮೇಲೆ ರಿಲೇ ಟರ್ಮಿನಲ್ಲುಗಳ ಬಿಸಿ ನೋಡಿ, ಇನ್ಫ್ರಾರೆಡ್ ಥರ್ಮಾಮೀಟರಿದ್ದರೆ ಒಳ್ಳೆಯದು. ಸುತ್ತಲಿಗಿಂತ 30 ಡಿಗ್ರಿ ಹೆಚ್ಚಿದ್ದರೆ ಸ್ಕ್ರೂ ಸಡಿಲವಿದೆ ಅಥವಾ ರಿಲೇ ಚಿಕ್ಕದಾಯಿತು. ಕತ್ತಲಾದ ಮೇಲೆ ಹಗಲಿನ ಲೋಡ್ ತಂತಿಯಲ್ಲಿ ಕರೆಂಟು ಸೊನ್ನೆ ಇರಬೇಕು. ಎಲ್ಲಕ್ಕಿಂತ ಮುಖ್ಯವಾದ ಅಂಕಿ ಬೆಳಗ್ಗೆ ಬಿಸಿಲು ಬೀಳುವ ಮೊದಲಿನ ಬ್ಯಾಟರಿ ವೋಲ್ಟೇಜ್. 12 ವೋಲ್ಟ್ ಲೆಡ್-ಆಸಿಡ್‌ನಲ್ಲಿ ಅದು 12.5ರ ಆಚೀಚೆ ಸ್ಥಿರವಾಗಿದ್ದರೆ ಮಟ್ಟಗಳು ಸರಿಯಾಗಿವೆ. ದಿನದಿಂದ ದಿನಕ್ಕೆ ಇಳಿಯುತ್ತ ಬಂದರೆ ಮೊದಲು ಮಧ್ಯಾಹ್ನ ಮೂರೂವರೆಯ ಗಡಿಯನ್ನು ಮೂರಕ್ಕೆ ತನ್ನಿ, ಆಮೇಲೆ ಆನ್ ಮಟ್ಟವನ್ನು 0.1 ವೋಲ್ಟ್ ಏರಿಸಿ. ಎರಡನ್ನೂ ಒಂದೇ ದಿನ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯದು. ಒಂದನ್ನು ಬದಲಾಯಿಸಿ, ಮೂರು ನಾಲ್ಕು ಬಿಸಿಲಿನ ದಿನ ನೋಡಿ, ಆಮೇಲೆ ಇನ್ನೊಂದು.